ಹಳೇ ಚಾಪ್ ಸೋಲಲಿಲ್ಲ

1985ರ ಸುಮಾರಿಗೆ ನಾನೊಬ್ಬ ಕ್ಯಾನ್ಸರ್ ಡಾಕ್ಟರ್ ಆಗಿದ್ದಿದ್ದರೆ, ‘ಚಾಪ್’ ಅನ್ನೋ ಹಳೇ ಚಿಕಿತ್ಸೆಯನ್ನು ಖಂಡಿತ ಕೈಬಿಡ್ತಿದ್ದೆ. ತಪ್ಪು ಮಾಡಿದೆ ಅಂತ ಗೊತ್ತಾಗೋಕೆ ಎಂಟು ವರ್ಷ ಬೇಕಾಗ್ತಿತ್ತು.

ಲಿಂಫೋಮಾ ಅಂದ್ರೆ ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್. ಅದರಲ್ಲಿ ವೇಗವಾಗಿ ಹಬ್ಬುವ ಬಗೆಗಳು ಚಿಕಿತ್ಸೆ ಸಿಗದಿದ್ದರೆ ತಿಂಗಳುಗಳಲ್ಲೇ ಜೀವ ತೆಗೀಬಹುದು. 1970ರ ದಶಕದಲ್ಲಿ ಬಂದ ಚಾಪ್‌ನಲ್ಲಿ ಇದ್ದದ್ದು ನಾಲ್ಕೇ ಔಷಧಿ: ಸೈಕ್ಲೋಫಾಸ್ಫಮೈಡ್, ಡಾಕ್ಸೋರುಬಿಸಿನ್, ವಿನ್‌ಕ್ರಿಸ್ಟಿನ್, ಪ್ರೆಡ್ನಿಸೋನ್. (ಇದರಲ್ಲಿ ವಿನ್‌ಕ್ರಿಸ್ಟಿನ್ ಸಿಕ್ಕಿದ್ದು ನಮ್ಮ ಅಂಗಳದಲ್ಲೂ ಬೆಳೆಯೋ ನಿತ್ಯಪುಷ್ಪದ ಗಿಡದಿಂದ.) ಮೂರು ವಾರಕ್ಕೊಮ್ಮೆ ಕೊಡೋದು. ಸುಮಾರು ಮೂರರಲ್ಲೊಬ್ಬರು ವಾಸಿಯಾಗುತ್ತಿದ್ದರು. ಉಳಿದಿಬ್ಬರ ಗತಿ?

ಆ ಪ್ರಶ್ನೆಯೇ 1980ರ ದಶಕದ ಪೈಪೋಟಿಗೆ ಕಾರಣ. ಬಾಸ್ಟನ್‌ನವರು ಎಂ-ಬೇಕಾಡ್ ತಂದರು, ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಪ್ರೊಮೇಸ್-ಸೈಟಾಬಾಮ್ ತಂದಿತು, ಕೆನಡಾದ ವ್ಯಾಂಕೂವರ್‌ನವರು ಮೇಕಾಪ್-ಬಿ ತಂದರು. ಔಷಧಿಗಳ ಸಂಖ್ಯೆ ಆರಕ್ಕೆ, ಎಂಟಕ್ಕೆ ಏರಿತು. ಅರ್ಧಕ್ಕಿಂತ ಹೆಚ್ಚು ಜನ ಬದುಕುಳಿಯುತ್ತಾರೆ ಅಂತ ಒಂದೊಂದು ಕೇಂದ್ರವೂ ವರದಿ ಮಾಡಿತು. ಯಾರು ತಾನೇ ನಂಬಲ್ಲ?

ಆದರೆ ಅಷ್ಟು ಕಠಿಣ ಚಿಕಿತ್ಸೆ ತಡ್ಕೊಳ್ಳೋಕೆ ಆರಿಸಿದವರು ಮೊದಲೇ ಸ್ವಲ್ಪ ಗಟ್ಟಿಮುಟ್ಟಾದವರು ಇರಬಹುದಲ್ವಾ? ಹಾಗಿದ್ದರೆ ಗೆದ್ದದ್ದು ಔಷಧಿಯೋ, ಆಯ್ಕೆಯೋ? 1986ರಲ್ಲಿ ಅಮೆರಿಕದ ಎರಡು ಸಂಶೋಧನಾ ಗುಂಪುಗಳು ಸೇರಿ ನಾಲ್ಕೂ ಚಿಕಿತ್ಸೆಗಳನ್ನು ಒಂದೇ ಪರೀಕ್ಷೆಗೆ ಇಳಿಸಿದವು. ಯಾರಿಗೆ ಯಾವುದು ಅನ್ನೋದನ್ನು ಡಾಕ್ಟರೂ ಆರಿಸುವಂತಿಲ್ಲ, ರೋಗಿಯೂ ಆರಿಸುವಂತಿಲ್ಲ. ಚೀಟಿ ಎತ್ತಿದ ಹಾಗೆ. ನಮ್ಮಪ್ಪನ ಚೀಟಿಯಲ್ಲಿ ಹಳೇದು ಬಂದಿದ್ದರೆ ನಾನಂತೂ ಆಸ್ಪತ್ರೆಯಲ್ಲೇ ಜಗಳಕ್ಕೆ ನಿಲ್ತಿದ್ದೆ.

ರಿಚರ್ಡ್ ಫಿಶರ್ ಮತ್ತು ಸಂಗಡಿಗರು 1993ರ ಏಪ್ರಿಲ್‌ನಲ್ಲಿ ಫಲಿತಾಂಶ ಪ್ರಕಟಿಸಿದರು. ಲೆಕ್ಕಕ್ಕೆ ತಗೊಂಡ ರೋಗಿಗಳು 899. ಮೂರು ವರ್ಷದ ನಂತರ ಬದುಕಿದ್ದವರು ಚಾಪ್‌ನಲ್ಲಿ ಶೇ. 54, ಎಂ-ಬೇಕಾಡ್‌ನಲ್ಲಿ ಶೇ. 52, ಮಿಕ್ಕ ಎರಡರಲ್ಲೂ ಶೇ. 50. ಅಂದ್ರೆ ಲೆಕ್ಕದ ಭಾಷೆಯಲ್ಲಿ ವ್ಯತ್ಯಾಸವೇ ಇಲ್ಲ. ನನಗೆ ಮನಸ್ಸು ಕದಡಿದ್ದು ಇನ್ನೊಂದು ಸಾಲು: ಚಿಕಿತ್ಸೆಯಿಂದಲೇ ಸತ್ತವರು. ಚಾಪ್‌ನಲ್ಲಿ ಶೇ. 1, ಪ್ರೊಮೇಸ್-ಸೈಟಾಬಾಮ್‌ನಲ್ಲಿ ಶೇ. 3, ಎಂ-ಬೇಕಾಡ್‌ನಲ್ಲಿ ಶೇ. 5, ಮೇಕಾಪ್-ಬಿಯಲ್ಲಿ ಶೇ. 6. ಪರೀಕ್ಷೆ ನಡೆಯದೇ ಇದ್ದಿದ್ದರೆ ಆ ಸಾವುಗಳನ್ನೂ ಕಾಯಿಲೆಯ ಖಾತೆಗೇ ಬರೆದುಬಿಡ್ತಿದ್ದರೇನೋ.

ಹಾಗಂತ ಚಾಪ್ ಏನೂ ಪವಾಡವಲ್ಲ. ಅರ್ಧದಷ್ಟು ಜನ ಆಗಲೂ ಸಾಯ್ತಾನೇ ಇದ್ದರು. ಅದನ್ನು ನಿಜವಾಗಿ ಮೀರಿಸಿದ ಹೊಸ ಜೋಡಣೆ ಬಂದದ್ದು 2002ರಲ್ಲಿ, ಫ್ರಾನ್ಸಿನ ಬರ್ಟ್ರಾಂಡ್ ಕೋಫಿಯೇ ತಂಡದಿಂದ. ಅವರು ಚಾಪ್‌ನ ನಾಲ್ಕನ್ನೂ ಹಾಗೇ ಇಟ್ಟುಕೊಂಡು ರಿಟುಕ್ಸಿಮ್ಯಾಬ್ ಅನ್ನೋ ಪ್ರತಿಕಾಯವೊಂದನ್ನು ಸೇರಿಸಿದರು, ಅಷ್ಟೇ. 60ರಿಂದ 80 ವಯಸ್ಸಿನ 399 ಜನ. ಮತ್ತೆ ಅದೇ ಚೀಟಿ. ಎರಡು ವರ್ಷದ ಹೊತ್ತಿಗೆ ಬದುಕಿದ್ದವರು ಶೇ. 57ರಿಂದ 70ಕ್ಕೆ ಏರಿದರು.

ಇತ್ತೀಚಿನ ಸರದಿ ನಿತ್ಯಪುಷ್ಪದ್ದು. ವಿನ್‌ಕ್ರಿಸ್ಟಿನ್ ತೆಗೆದು ಆ ಜಾಗಕ್ಕೆ ಪೊಲಾಟುಝುಮ್ಯಾಬ್ ಹಾಕಿ 879 ಜನರಲ್ಲಿ ನೋಡಿದರು. 2021ರಲ್ಲಿ ಫಲಿತಾಂಶ ಬಂತು. ಎರಡು ವರ್ಷ ಕಾಯಿಲೆ ಉಲ್ಬಣಿಸದೆ ಉಳಿದವರು ಶೇ. 70.2ರಿಂದ 76.7ಕ್ಕೆ ಹೆಚ್ಚಿದರು. ಬದುಕಿದ್ದವರು? ಹಳೇದರಲ್ಲಿ ಶೇ. 88.6, ಹೊಸದರಲ್ಲಿ ಶೇ. 88.7.