ಐಡ್ಲಿಂಗ್ ನಿಯಂತ್ರಣ ಮತ್ತು ವಿದ್ಯುತ್ ಹೊರೆ

ಆಕ್ಸಿಲರೇಟರ್ ಒತ್ತದಿದ್ದಾಗ ಎಂಜಿನ್ ನಿಧಾನವಾಗಿ ತಾನಾಗಿ ತಿರುಗುತ್ತಿರುವ ಸ್ಥಿತಿಗೆ ಐಡ್ಲಿಂಗ್ ಎಂದು ಹೆಸರು. ಪೆಟ್ರೋಲ್ ಕಾರುಗಳಲ್ಲಿ ಈ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 700ರಿಂದ 900 ಸುತ್ತು. ಹೆಡ್‌ಲೈಟ್, ಫ್ಯಾನ್, ಎ.ಸಿ. ಹಾಕಿದಾಗಲೂ ಅದು ಕುಸಿಯದಂತೆ ಕಾಯುವುದು ಐಡ್ಲಿಂಗ್ ನಿಯಂತ್ರಣದ ಕೆಲಸ.

ಹೊರೆ ಬೀಳುವ ಬಗೆ: ಓಡುವ ಎಂಜಿನ್ ಬೆಲ್ಟಿನ ಮೂಲಕ, ವಿದ್ಯುತ್ ತಯಾರಿಸುವ ಆಲ್ಟರ್ನೇಟರನ್ನು ತಿರುಗಿಸುತ್ತದೆ. ಬಳಕೆ ಏರಿದಂತೆ ರೆಗ್ಯುಲೇಟರ್ ಅದರ ರೋಟರಿಗೆ ಹೆಚ್ಚು ಕರೆಂಟ್ ಬಿಡುತ್ತದೆ. ರೋಟರ್ ಬಿಗಿಯಾಗಿ, ಎಂಜಿನ್‌ಗೆ ಭಾರವಾಗುತ್ತದೆ. 14 ವೋಲ್ಟಿನಲ್ಲಿ 50 ಆಂಪಿಯರ್ ಎಂದರೆ 700 ವ್ಯಾಟ್. ನಷ್ಟ ಸೇರಿಸಿದರೆ ಎಂಜಿನ್ ತೆರಬೇಕಾದ್ದು ಸುಮಾರು ಒಂದೂವರೆ ಅಶ್ವಶಕ್ತಿ.

ಚರಿತ್ರೆ: ಡೈನಮೋ ಇದ್ದ ಕಾಲದಲ್ಲಿ ಐಡ್ಲಿಂಗಿನಲ್ಲಿ ಕರೆಂಟೇ ಸಾಲುತ್ತಿರಲಿಲ್ಲ, ದೀಪ ಮಂಕಾಗುತ್ತಿತ್ತು, ಉಳಿದ ಹೊರೆ ಬ್ಯಾಟರಿಯದು. 1960ರಲ್ಲಿ ಕ್ರೈಸ್ಲರ್ ಕಂಪನಿಯ ವ್ಯಾಲಿಯಂಟ್ ಕಾರಿನೊಂದಿಗೆ ಬಳಕೆಗೆ ಬಂದ ಆಲ್ಟರ್ನೇಟರ್ ನಿಧಾನ ವೇಗದಲ್ಲೂ ವಿದ್ಯುತ್ ಕೊಟ್ಟಿತು, ಅದರ ಭಾರವನ್ನು ಎಂಜಿನ್ ಮೇಲೆ ಹಾಕಿತು. ಕಾರ್ಬುರೇಟರ್ ಗಾಡಿಗಳಲ್ಲಿ ಮೆಕ್ಯಾನಿಕ್ ಸ್ಕ್ರೂ ತಿರುಗಿಸಿ ಐಡ್ಲಿಂಗ್ ಹೊಂದಿಸುತ್ತಿದ್ದ, ಎ.ಸಿ. ಇದ್ದರೆ ವ್ಯಾಕ್ಯೂಮ್ ಡಬ್ಬಿಯೊಂದು ಗಾಳಿ ಬಿಡುವ ಥ್ರಾಟಲ್ಲನ್ನು ತುಸು ಎಳೆದು ಹಿಡಿಯುತ್ತಿತ್ತು.

ಬಾಷ್ ಕಂಪನಿ 1967ರಲ್ಲಿ ಎಲೆಕ್ಟ್ರಾನಿಕ್ ಇಂಧನ ಸಿಂಪಡಣೆಯನ್ನೂ, 1979ರಲ್ಲಿ ಇಂಧನ ಮತ್ತು ಕಿಡಿ ಎರಡನ್ನೂ ಒಂದೇ ಕಂಪ್ಯೂಟರ್ ನೋಡಿಕೊಳ್ಳುವ ಮೋಟ್ರಾನಿಕ್ಕನ್ನೂ ತಂದಿತು. ಮುಂದೆ ಎ.ಸಿ. ಸ್ವಿಚ್ಚಿನ ಸಂದೇಶ ಕಂಪ್ಯೂಟರಿಗೆ ಮೊದಲು ಮುಟ್ಟಿ, ವೇಗ ಇಳಿಯುವ ಮುನ್ನವೇ ಗಾಳಿಯ ವಾಲ್ವ್ ತೆರೆದುಕೊಳ್ಳುವಂತಾಯಿತು. ಗಾಳಿ ಸಿಲಿಂಡರ್ ಸೇರಲು ಕ್ಷಣ ಹಿಡಿಯುತ್ತದೆ. ಅಷ್ಟರೊಳಗೆ ಕಿಡಿಯ ಟೈಮಿಂಗ್ ಮುಂದಕ್ಕೆ ಸರಿದು ಎಂಜಿನ್‌ಗೆ ಆಸರೆಯಾಗುತ್ತದೆ. ಎಲೆಕ್ಟ್ರಾನಿಕ್ ಥ್ರಾಟಲ್ ಬಂದ ಮೇಲೆ ಪ್ರತ್ಯೇಕ ವಾಲ್ವೂ ಬೇಡವಾಯಿತು.

ಕರ್ನಾಟಕದಲ್ಲಿ: ಡೀಸೆಲ್ ಎಂಜಿನ್‌ಗೆ ಈ ಕಾವಲು ಕಂಪ್ಯೂಟರಿಗಿಂತ ಹಳೆಯದು. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಮೈಕೋ (2008ರಿಂದ ಬಾಷ್ ಲಿಮಿಟೆಡ್) ತಯಾರಿಸಿದ ಡೀಸೆಲ್ ಪಂಪುಗಳಲ್ಲಿ ಗವರ್ನರ್ ಇತ್ತು. ವೇಗ ಇಳಿದೊಡನೆ ಅದರ ತೂಕದ ಗುಂಡುಗಳು ಒಳಸರಿದು ಡೀಸೆಲ್ ಹೆಚ್ಚಿಸುತ್ತಿದ್ದವು. ಮಂಡ್ಯದ ಸುತ್ತಲಿನ ಕಬ್ಬಿನ ಸೀಮೆಯಲ್ಲಿ, ಗಾಣದ ಮುಂದೆ ರಾತ್ರಿ ಲೈಟು ಹಾಕಿಕೊಂಡು ನಿಂತ ಹಳೆಯ ಟ್ರ್ಯಾಕ್ಟರ್ ಗುಡುಗುಡು ಎನ್ನುತ್ತಲೇ ಇರುವುದು ಗವರ್ನರ್ ಬಲದಿಂದ.

ಇಲ್ಲಿನ ಪೆಟ್ರೋಲ್ ಕಾರುಗಳಿಗೆ ಬದಲಾವಣೆ ತಂದದ್ದು 2000ದಲ್ಲಿ ಬಿಗಿಯಾದ ಹೊಗೆ ನಿಯಮಗಳು. ಮಾರುತಿ 800 ಕೂಡ ಆ ವರ್ಷ ಎಂಪಿಎಫ್‌ಐಗೆ, ಅಂದರೆ ಎಲೆಕ್ಟ್ರಾನಿಕ್ ಇಂಧನ ಸಿಂಪಡಣೆಗೆ, ಬಂತು. ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿದರೆ ಇಂಥ ಕಾರೂ ಲೈಟ್ ಹಾಕಿದೊಡನೆ ನಡುಗುತ್ತದೆ. ಈಗ ಮೆಕ್ಯಾನಿಕ್ ಸ್ಕ್ರೂ ಹುಡುಕುವುದಿಲ್ಲ, ಹೆಡ್‌ಲೈಟ್, ಎ.ಸಿ. ಒಟ್ಟಿಗೆ ಹಾಕಿ, ಬಿದ್ದ ಮುಳ್ಳು ಎಷ್ಟು ಬೇಗ ಮೇಲೇಳುತ್ತದೆಂದು ಮೀಟರಿನಲ್ಲಿ ನೋಡುತ್ತಾನೆ.