ಗಣಕಯಂತ್ರದ ಒಳಗಿನ ಬ್ಯಾಟರಿಯ ಬದಲಾವಣೆ: ಆನ್‌ಲೈನ್ ಅರ್ಜಿದಾರರ ಮಾಹಿತಿಗಾಗಿ

ಮನೆಯಲ್ಲಿರುವ ಗಣಕಯಂತ್ರದಿಂದ ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸುವ ಸಾರ್ವಜನಿಕರಿಗೆ ಕೆಲವೊಮ್ಮೆ ಜಾಲತಾಣವೇ ತೆರೆಯುವುದಿಲ್ಲ. ತೆರೆದರೂ ನಮೂನೆಯು ಸರಿಯಾದ ಜನ್ಮದಿನಾಂಕವನ್ನು ಸ್ವೀಕರಿಸುವುದಿಲ್ಲ. ಇಂತಹ ಸಂದರ್ಭದಲ್ಲಿ ಅರ್ಜಿದಾರರು ಮೊದಲು ಪರದೆಯ ಬಲಬದಿಯ ಕೆಳಮೂಲೆಯಲ್ಲಿರುವ ದಿನಾಂಕವನ್ನು ನೋಡತಕ್ಕದ್ದು. ಅಲ್ಲಿ ಹಲವು ವರ್ಷಗಳ ಹಿಂದಿನ ದಿನಾಂಕವಿದ್ದರೆ ದೋಷವು ಜಾಲತಾಣದ್ದಲ್ಲ, ಅಂತರ್ಜಾಲ ಸಂಪರ್ಕದ್ದೂ ಅಲ್ಲ. ಯಂತ್ರದೊಳಗಿನ ನಾಣ್ಯದಾಕಾರದ ಒಂದು ಬ್ಯಾಟರಿಯ ಆಯಸ್ಸು ಮುಗಿದಿರುವ ಸಂಭವವೇ ಹೆಚ್ಚು.

ಅರ್ಜಿಯ ಕೊನೆಯ ದಿನ ಸಮೀಪಿಸಿದ್ದರೆ ಬ್ಯಾಟರಿಗಾಗಿ ಕಾಯುವ ಅಗತ್ಯವಿಲ್ಲ. ದಿನಾಂಕ, ವರ್ಷ ಮತ್ತು ಸಮಯವನ್ನು ಕೈಯಿಂದ ಸರಿಪಡಿಸಿ, ಬ್ರೌಸರನ್ನು ಮುಚ್ಚಿ ಮತ್ತೆ ತೆರೆದು ಅರ್ಜಿಯನ್ನು ಸಲ್ಲಿಸಬಹುದು. ಯಂತ್ರದ ವಿದ್ಯುತ್ ಸಂಪರ್ಕ ಕಡಿತವಾಗುವವರೆಗೆ ಈ ತಿದ್ದುಪಡಿ ಉಳಿಯುತ್ತದೆ.

ದಿನಾಂಕ ತಪ್ಪಿದರೆ ಜಾಲತಾಣ ಏಕೆ ತೆರೆಯುವುದಿಲ್ಲ

ಸುರಕ್ಷಿತ ಜಾಲತಾಣಗಳೆಲ್ಲವೂ ತಮ್ಮ ಗುರುತಿಗಾಗಿ ಡಿಜಿಟಲ್ ಪ್ರಮಾಣಪತ್ರವೊಂದನ್ನು ಹೊಂದಿರುತ್ತವೆ. ಆದಾಯ ಪ್ರಮಾಣಪತ್ರಕ್ಕೆ ಇರುವಂತೆ ಅದಕ್ಕೂ ಆರಂಭದ ಮತ್ತು ಮುಕ್ತಾಯದ ದಿನಾಂಕಗಳಿವೆ. ಬ್ರೌಸರು ಈ ದಿನಾಂಕಗಳನ್ನು ಗಣಕಯಂತ್ರದ ಗಡಿಯಾರದೊಂದಿಗೆ ತಾಳೆ ನೋಡುತ್ತದೆ. ಯಂತ್ರವು 2015ನೇ ಇಸವಿಯನ್ನು ತೋರಿಸುತ್ತಿದ್ದರೆ ಇಂದಿನ ಪ್ರಮಾಣಪತ್ರವು ಅದರ ಲೆಕ್ಕದಲ್ಲಿ ಇನ್ನೂ ಜಾರಿಗೇ ಬಂದಿರುವುದಿಲ್ಲ. 'ಯುವರ್ ಕ್ಲಾಕ್ ಈಸ್ ಬಿಹೈಂಡ್' ಅಥವಾ 'ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್' ಎಂಬ ಎಚ್ಚರಿಕೆ ಬರುವುದು ಈ ಕಾರಣದಿಂದ. 2020ರ ಸೆಪ್ಟೆಂಬರ್ 1ರಿಂದ ಇಂತಹ ಪ್ರಮಾಣಪತ್ರಗಳ ಗರಿಷ್ಠ ಅವಧಿಯನ್ನು 398 ದಿನಗಳಿಗೆ ಮಿತಿಗೊಳಿಸಲಾಯಿತು. 2029ರ ವೇಳೆಗೆ ಇದನ್ನು ಹಂತಹಂತವಾಗಿ 47 ದಿನಗಳಿಗೆ ಇಳಿಸಲು 2025ರಲ್ಲಿ ನಿರ್ಣಯವಾಗಿದೆ. ಆದುದರಿಂದ ಗಡಿಯಾರವು ಕೆಲವೇ ತಿಂಗಳು ಹಿಂದೆ ಬಿದ್ದರೂ ತೊಂದರೆ ತಪ್ಪಿದ್ದಲ್ಲ.

ಎಚ್ಚರಿಕೆಯನ್ನು ಕಡೆಗಣಿಸಿ 'ಮುಂದುವರಿಯಿರಿ' ಎಂಬುದನ್ನು ಒತ್ತುವ ಅಭ್ಯಾಸ ಅಪಾಯಕಾರಿ. ನಕಲಿ ಜಾಲತಾಣಕ್ಕೆ ಹೋದಾಗಲೂ ಹೆಚ್ಚುಕಡಿಮೆ ಇದೇ ಎಚ್ಚರಿಕೆ ಬರಬಹುದು. ಹಳೆಯ ಬ್ಯಾಟರಿಯಿಂದಾಗಿ ನಿತ್ಯವೂ ಎಚ್ಚರಿಕೆ ಕಂಡು ಅದಕ್ಕೆ ಒಗ್ಗಿಹೋದವರು ನಿಜವಾದ ವಂಚನೆಯ ದಿನವೂ ಅದನ್ನೇ ಒತ್ತುತ್ತಾರೆ. ಅಂತಹ ಪುಟದಲ್ಲಿ ಆಧಾರ್ ಸಂಖ್ಯೆ, ಒಟಿಪಿ ಅಥವಾ ಬ್ಯಾಂಕ್ ವಿವರಗಳನ್ನು ನಮೂದಿಸಬಾರದು.

ಜನ್ಮದಿನಾಂಕದ ತೊಡಕೂ ಇದೇ ಬಗೆಯದು. ಕೆಲವು ನಮೂನೆಗಳು ಇಂದಿನ ದಿನಾಂಕವನ್ನು ಅರ್ಜಿದಾರರ ಯಂತ್ರದಿಂದಲೇ ಪಡೆಯುತ್ತವೆ. 2015ರಲ್ಲಿ ನಿಂತಿರುವ ಯಂತ್ರಕ್ಕೆ 2019ರಲ್ಲಿ ಜನಿಸಿದ ಮಗು ಇನ್ನೂ ಹುಟ್ಟಿಯೇ ಇಲ್ಲ. ಶಾಲಾ ಪ್ರವೇಶಕ್ಕೆ ಜಾತಿ ಪ್ರಮಾಣಪತ್ರ ಬೇಕಾಗಿರುವ ಪೋಷಕರು ನಮೂನೆ ಒಪ್ಪಲೆಂದು ಬೇರೆ ದಿನಾಂಕವನ್ನು ನಮೂದಿಸಿದರೆ ಮುಂದೆ ದಾಖಲೆಗಳಲ್ಲಿ ವ್ಯತ್ಯಾಸ ಉಂಟಾಗಿ ತಿದ್ದುಪಡಿಗಾಗಿ ಅಲೆಯಬೇಕಾಗುತ್ತದೆ. ಡಿಜಿಟಲ್ ಸಹಿಯನ್ನು ಬಳಸುವವರೂ ಗಮನಿಸತಕ್ಕದ್ದು: ಕಾಲಮುದ್ರೆಯ ಪ್ರತ್ಯೇಕ ವ್ಯವಸ್ಥೆ ಇಲ್ಲದಿದ್ದಲ್ಲಿ ಸಹಿಯ ಸಮಯವು ಸಹಿದಾರರ ಗಣಕಯಂತ್ರದ ಗಡಿಯಾರದಿಂದಲೇ ನಮೂದಾಗುತ್ತದೆ. ಬ್ರೌಸರಿನಿಂದ ಮುದ್ರಿಸಿದ ಹಾಳೆಯ ಮೇಲಂಚಿನಲ್ಲಿ ಕಾಣುವ ದಿನಾಂಕವೂ ಅದೇ ಗಡಿಯಾರದ್ದು.

ಬ್ಯಾಟರಿಯ ಕಾರ್ಯ

ವಿದ್ಯುತ್ ಇಲ್ಲದಿರುವಾಗಲೂ ಸಮಯವನ್ನು ಎಣಿಸುವ ಗಡಿಯಾರವೊಂದು ಮದರ್‌ಬೋರ್ಡಿನ ಮೇಲಿರುತ್ತದೆ. ಸೆಕೆಂಡಿಗೆ 32,768 ಬಾರಿ ಕಂಪಿಸುವ ಸ್ಫಟಿಕದಿಂದ ಅದು ನಡೆಯುತ್ತದೆ. 1981ರ ಐಬಿಎಂ ಪರ್ಸನಲ್ ಕಂಪ್ಯೂಟರಿನಲ್ಲಿ ಈ ವ್ಯವಸ್ಥೆ ಇರಲಿಲ್ಲ. ಯಂತ್ರವನ್ನು ಚಾಲೂ ಮಾಡಿದಾಗಲೆಲ್ಲ ದಿನಾಂಕವನ್ನು ಬೆರಳಚ್ಚು ಮಾಡಬೇಕಾಗಿತ್ತು. 1984ರ ಪಿಸಿ ಎಟಿ ಮಾದರಿಯಿಂದ ಬ್ಯಾಟರಿಯುಳ್ಳ ಗಡಿಯಾರ ಬಂದಿತು. ಇದನ್ನು ಸಂಕ್ಷಿಪ್ತವಾಗಿ ಆರ್‌ಟಿಸಿ ಎನ್ನುತ್ತಾರೆ. ನಮ್ಮ ರಾಜ್ಯದಲ್ಲಿ ಪಹಣಿಗೂ ಇದೇ ಹೆಸರಿರುವುದರಿಂದ ಒಂದು ಸ್ಪಷ್ಟೀಕರಣ ಅಗತ್ಯ: ಯಂತ್ರವು ಆರಂಭದಲ್ಲಿ 'ಆರ್‌ಟಿಸಿ ಎರರ್' ಎಂದು ತೋರಿಸಿದರೆ ಜಮೀನಿನ ದಾಖಲೆಗೆ ಯಾವ ಧಕ್ಕೆಯೂ ಆಗಿರುವುದಿಲ್ಲ.

ಗೋಡೆಯ ಸ್ವಿಚ್ ಹಾಕಿರುವವರೆಗೆ ಯಂತ್ರವು ಆರಿದ್ದರೂ ಗಡಿಯಾರಕ್ಕೆ ಬೇಕಾದ ಅಲ್ಪ ವಿದ್ಯುತ್ ಅಲ್ಲಿಂದಲೇ ಸಾಮಾನ್ಯವಾಗಿ ದೊರೆಯುತ್ತದೆ. ಪ್ರತಿರಾತ್ರಿ ಸ್ವಿಚ್ ತೆಗೆಯುವ ಮನೆಗಳಲ್ಲಿ ಮತ್ತು ದೀರ್ಘಕಾಲ ವಿದ್ಯುತ್ ಕಡಿತವಾಗುವ ಊರುಗಳಲ್ಲಿ ಬ್ಯಾಟರಿ ಬೇಗ ಖಾಲಿಯಾಗುವುದಕ್ಕೆ ಇದೇ ಕಾರಣ. ಹಾಗೆಂದು ಸ್ವಿಚ್ ತೆಗೆಯುವುದನ್ನು ನಿಲ್ಲಿಸಬೇಕಾಗಿಲ್ಲ. ಗುಡುಗು ಮಿಂಚಿನ ಕಾಲದಲ್ಲಿ ತೆಗೆಯುವುದೇ ಸರಿ.

ದಿನಾಂಕವು ಸರಿಯಾಗಿದ್ದು ಸಮಯದಲ್ಲಿ ಮಾತ್ರ ಐದೂವರೆ ಗಂಟೆಯ ವ್ಯತ್ಯಾಸವಿದ್ದರೆ ಅದು ಬ್ಯಾಟರಿಯ ದೋಷವಲ್ಲ, ಕಾಲವಲಯದ ಆಯ್ಕೆಯ ದೋಷ. ವಿಂಡೋಸ್‌ನಲ್ಲಿ 'ಚೆನ್ನೈ, ಕೋಲ್ಕತ್ತಾ, ಮುಂಬೈ, ನ್ಯೂಡೆಲ್ಲಿ' ಎಂಬುದನ್ನು ಆಯ್ದುಕೊಂಡರೆ ಸಾಕು. ಪಟ್ಟಿಯಲ್ಲಿ ಬೆಂಗಳೂರು ಇಲ್ಲವೆಂದು ಗಾಬರಿಯಾಗಬೇಕಾಗಿಲ್ಲ.

ಯಾವ ಬ್ಯಾಟರಿ

ಬಹುತೇಕ ಮೇಜಿನ ಗಣಕಯಂತ್ರಗಳಲ್ಲಿ ಬಳಕೆಯಲ್ಲಿರುವುದು ಸಿಆರ್2032 ಎಂಬ ಲಿಥಿಯಂ ಬಟನ್ ಸೆಲ್. ವ್ಯಾಸ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್, ಒತ್ತಡ 3 ವೋಲ್ಟ್. ಗಣಕಯಂತ್ರದ ಅಂಗಡಿಯಲ್ಲಿ 'ಸಿಮಾಸ್ ಬ್ಯಾಟರಿ' ಎಂದು ಕೇಳಿದರೆ ಕೊಡುತ್ತಾರೆ. ಕಾರಿನ ರಿಮೋಟ್ ಕೀಗಳಲ್ಲಿಯೂ ಬಳಕೆಯಾಗುವುದರಿಂದ ಗಡಿಯಾರದ ಅಂಗಡಿಗಳಲ್ಲಿಯೂ ಸಿಗುತ್ತದೆ. ಬೆಲೆ ಅತ್ಯಲ್ಪ, ದುಬಾರಿ ದುರಸ್ತಿಗೆ ಒಪ್ಪುವ ಮೊದಲು ಇದನ್ನು ಬದಲಾಯಿಸಿ ನೋಡುವುದು ಜಾಣತನ. ಸಿಆರ್2025 ವ್ಯಾಸದಲ್ಲಿ ಸಮವಿದ್ದರೂ ತೆಳ್ಳಗಿರುವುದರಿಂದ ಹಿಡಿಕೆಯಲ್ಲಿ ಸಡಿಲವಾಗುತ್ತದೆ. ಮರುಚಾರ್ಜ್ ಮಾಡಬಹುದಾದ ಎಲ್‌ಐಆರ್2032 ಸೆಲ್ಲಿನ ಒತ್ತಡ ಹೆಚ್ಚಾಗಿರುವುದರಿಂದ ಅದನ್ನು ಹಾಕಬಾರದು.

ಪುಸ್ತಕದ ಗಾತ್ರದ ಮಿನಿ ಗಣಕಯಂತ್ರಗಳಲ್ಲಿ ಅದೇ ಸೆಲ್ಲನ್ನು ಕಪ್ಪು ಅಥವಾ ಹಳದಿ ಪ್ಲಾಸ್ಟಿಕ್ ಹೊದಿಕೆಯಲ್ಲಿ ಸುತ್ತಿ ಎರಡು ಸಣ್ಣ ತಂತಿಗಳ ಮೂಲಕ ಜೋಡಿಸಿರುವುದುಂಟು. ಇಲ್ಲಿ ತಂತಿಸಹಿತವಾದ ಬ್ಯಾಟರಿಯನ್ನೇ ಕೊಳ್ಳತಕ್ಕದ್ದು. ಕನೆಕ್ಟರ್ ನೋಡಲು ಒಂದೇ ತೆರನಾಗಿದ್ದರೂ ಕೆಂಪು ಮತ್ತು ಕಪ್ಪು ತಂತಿಗಳ ಸ್ಥಾನ ಅದಲುಬದಲಾಗಿರಬಹುದು. ಹಳೆಯದನ್ನು ಅಂಗಡಿಗೆ ಒಯ್ದು ಹೋಲಿಸುವುದು ಕ್ಷೇಮ. ತಂತಿಯನ್ನು ಸೆಲ್ಲಿಗೆ ಮನೆಯಲ್ಲಿ ಬೆಸುಗೆ ಹಾಕಲು ಯತ್ನಿಸಬಾರದು, ಕಾದ ಸೆಲ್ ಸಿಡಿಯಬಹುದು.

ಬದಲಾಯಿಸುವ ಕ್ರಮ

ಯಂತ್ರವು ವಾರಂಟಿ ಅವಧಿಯಲ್ಲಿದ್ದರೆ ತೆರೆಯುವ ಮುನ್ನ ಮಾರಾಟಗಾರರನ್ನು ವಿಚಾರಿಸತಕ್ಕದ್ದು. ಬಿಟ್‌ಲಾಕರ್ ಸೌಲಭ್ಯವನ್ನು ಬಳಸುತ್ತಿರುವವರು 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳದೆ ಕೆಲಸ ಆರಂಭಿಸಬಾರದು. ಬ್ಯಾಟರಿ ತೆಗೆದ ನಂತರ ಯಂತ್ರವು ಅದನ್ನು ಕೇಳಬಹುದು. ಕೀ ಇಲ್ಲದಿದ್ದರೆ ಡಿಸ್ಕಿನಲ್ಲಿರುವ ದಾಖಲೆಗಳು ಕೈತಪ್ಪುತ್ತವೆ. ಬಯಾಸ್ ಪರದೆಯ ಮುಖ್ಯ ಆಯ್ಕೆಗಳನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ ಅನುಕೂಲ.

ಯಂತ್ರವನ್ನು ಕ್ರಮಬದ್ಧವಾಗಿ ಆರಿಸಿ, ವಿದ್ಯುತ್ ತಂತಿಯನ್ನು ಸಾಕೆಟ್ಟಿನಿಂದ ಕಿತ್ತು, ಒಳಗೆ ಉಳಿದ ವಿದ್ಯುತ್ ಹೋಗುವಂತೆ ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿಹಿಡಿಯಬೇಕು. ಮುಚ್ಚಳ ತೆರೆದ ನಂತರ ಮೈಯಲ್ಲಿನ ಸ್ಥಿರವಿದ್ಯುತ್ ಇಳಿಯಲೆಂದು ಪೆಟ್ಟಿಗೆಯ ಬಣ್ಣ ಹಚ್ಚದ ಲೋಹದ ಭಾಗವನ್ನು ಮುಟ್ಟಬೇಕು. ಹಳೆಯ ಸೆಲ್ಲಿನ ಯಾವ ಮುಖ ಮೇಲಿದೆ ಎಂಬುದನ್ನು ತೆಗೆಯುವ ಮೊದಲೇ ಗಮನಿಸಬೇಕು. ಸಾಮಾನ್ಯವಾಗಿ ಪ್ಲಸ್ ಗುರುತು ಮೇಲಿರುತ್ತದೆ, ಆದರೆ ಎಲ್ಲೆಡೆಯೂ ಅಲ್ಲ. ಹಿಡಿಕೆಯ ಅಂಚಿನಲ್ಲಿರುವ ಸಣ್ಣ ಕೊಂಡಿಯನ್ನು ಹೊರಕ್ಕೆ ಸರಿಸಿದರೆ ಸೆಲ್ ತಾನಾಗಿ ಮೇಲೇಳುತ್ತದೆ. ಸ್ಕ್ರೂಡ್ರೈವರಿನಿಂದ ಮೀಟಿ ಮದರ್‌ಬೋರ್ಡಿಗೆ ಗೀರು ಬೀಳಿಸಿದರೆ ನಷ್ಟ ಸಾವಿರಾರು ರೂಪಾಯಿ. ಪ್ಲಾಸ್ಟಿಕ್ ಕಡ್ಡಿ ಸಾಕು. ಹೊಸ ಸೆಲ್ಲನ್ನು ಒಣಬಟ್ಟೆಯಿಂದ ಒರೆಸಿ, ಅಂಚನ್ನು ಹಿಡಿದು, ಕ್ಲಿಕ್ ಎನ್ನುವವರೆಗೆ ಒತ್ತಬೇಕು.

ಮೊದಲ ಬಾರಿ ಚಾಲೂ ಮಾಡಿದಾಗ 'ಎಫ್1' ಒತ್ತುವಂತೆ ಸೂಚನೆ ಬಂದರೆ ಅದು ಸಹಜ. ದಿನಾಂಕವನ್ನು ಸರಿಪಡಿಸಿ, ಸಮಯವು ಅಂತರ್ಜಾಲದಿಂದ ಸ್ವಯಂಚಾಲಿತವಾಗಿ ಹೊಂದಿಕೆಯಾಗುವ ಆಯ್ಕೆಯನ್ನು ಚಾಲೂ ಇಡಬೇಕು. ಬಳಿಕ ಯಂತ್ರವನ್ನು ಆರಿಸಿ, ಗೋಡೆಯ ಸ್ವಿಚ್ ತೆಗೆದು ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಅಂತರ್ಜಾಲ ಸಂಪರ್ಕ ನೀಡದೆ ದಿನಾಂಕವನ್ನು ನೋಡಬೇಕು. ಆಗಲೂ ತಪ್ಪಿದ್ದರೆ ದೋಷ ಮದರ್‌ಬೋರ್ಡಿನಲ್ಲಿದೆಯೆಂದು ತಿಳಿದು ತಂತ್ರಜ್ಞರಲ್ಲಿಗೆ ಒಯ್ಯತಕ್ಕದ್ದು.

ಮಕ್ಕಳಿರುವ ಮನೆಯವರ ವಿಶೇಷ ಗಮನಕ್ಕೆ

ತೆಗೆದ ಹಳೆಯ ಸೆಲ್ಲನ್ನು ಮೇಜಿನ ಮೇಲೆ ಬಿಡಬಾರದು. ಗಡಿಯಾರ ನಡೆಸಲಾರದ ಸೆಲ್ಲಿನಲ್ಲಿಯೂ ಹಾನಿಗೆ ಸಾಕಾಗುವಷ್ಟು ವಿದ್ಯುತ್ ಉಳಿದಿರುತ್ತದೆ. ಮಗು ಇದನ್ನು ನುಂಗಿ ಅದು ಅನ್ನನಾಳದಲ್ಲಿ ಸಿಲುಕಿದರೆ ಎರಡು ಗಂಟೆಯೊಳಗೆ ತೀವ್ರ ಸುಟ್ಟಗಾಯವಾಗಬಹುದು, ಪ್ರಾಣಾಪಾಯವೂ ಉಂಟು. ನುಂಗಿರಬಹುದೆಂಬ ಅನುಮಾನವಿದ್ದರೂ ಸಾಕು, ವಾಂತಿ ಮಾಡಿಸದೆ, ಲಕ್ಷಣಗಳಿಗಾಗಿ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಆಂಬ್ಯುಲೆನ್ಸ್ ದೂರವಾಣಿ ಸಂಖ್ಯೆ 108.

ಹಳೆಯ ಸೆಲ್ಲಿನ ಎರಡೂ ಮುಖಗಳಿಗೆ ಅಂಟುಪಟ್ಟಿ ಹಚ್ಚಿ ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಪ್ರಕಾರ ಬಳಸಿದ ಬ್ಯಾಟರಿಯನ್ನು ಮನೆಯ ಇತರ ಕಸದೊಂದಿಗೆ ಬೆರೆಸುವಂತಿಲ್ಲ. ಅದನ್ನು ಪ್ರತ್ಯೇಕವಾಗಿ ಸಂಗ್ರಹಣಾ ಕೇಂದ್ರಕ್ಕೆ ಅಥವಾ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸತಕ್ಕದ್ದು.