ಅಧ್ಯಾಪಕ ಸಲಹೆಗಾರ (ಕಾಲೇಜು ವಿದ್ಯಾರ್ಥಿ ಸಂಘ)

ಕಾಲೇಜಿನ ವಿದ್ಯಾರ್ಥಿ ಸಂಘಕ್ಕೆ ಮಾರ್ಗದರ್ಶನ ನೀಡುವ ಅಧ್ಯಾಪಕ ಅಥವಾ ಸಿಬ್ಬಂದಿ. ಕರ್ನಾಟಕದಲ್ಲಿ ಸಂಚಾಲಕ, ಸಂಯೋಜಕ ಎಂಬ ಹೆಸರುಗಳೂ ರೂಢಿಯಲ್ಲಿವೆ.

ಕಾರ್ಯಗಳು: ಕಾರ್ಯಕ್ರಮಗಳಿಗೆ ಆಡಳಿತದ ಅನುಮತಿ ಕೊಡಿಸುವುದು, ಖರ್ಚುವೆಚ್ಚದ ಲೆಕ್ಕ ನೋಡುವುದು, ವಿದ್ಯಾರ್ಥಿಗಳ ಸುರಕ್ಷತೆ ಕಾಯುವುದು ಮುಖ್ಯ ಹೊಣೆಗಳು. ಪದಾಧಿಕಾರಿಗಳು ವರ್ಷ ವರ್ಷ ಬದಲಾಗುವುದರಿಂದ ಸಂಘದ ಅನುಭವ ಮುಂದಿನ ತಂಡಕ್ಕೆ ದಾಟುವುದು ಇವರ ಮೂಲಕವೇ. ಆದರೆ ತೀರ್ಮಾನ ವಿದ್ಯಾರ್ಥಿಗಳದ್ದಾಗಿರಬೇಕು. ಸಲಹೆಗಾರರೇ ಎಲ್ಲವನ್ನೂ ನಡೆಸಿದರೆ ನಾಯಕತ್ವದ ಕಲಿಕೆಗೆ ಅವಕಾಶವೇ ಉಳಿಯದು.

ಕನ್ನಡ ಸಂಘಗಳು: ಈ ಪಾತ್ರದ ಹಿರಿಮೆ ಕಾಲೇಜು ಕನ್ನಡ ಸಂಘಗಳಲ್ಲಿ ಎದ್ದು ಕಾಣುತ್ತದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು (1890–1968) ಕಟ್ಟಿ ಬೆಳೆಸಿದ ಕರ್ನಾಟಕ ಸಂಘದಿಂದ 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ ಪತ್ರಿಕೆ ಹೊರಟಿತು. ಮುಂದೆ ಅದನ್ನು ಮೈಸೂರು ವಿಶ್ವವಿದ್ಯಾನಿಲಯ ವಹಿಸಿಕೊಂಡಿತು. ಕ್ರೈಸ್ಟ್ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕ ಚಿ. ಶ್ರೀನಿವಾಸರಾಜು (1942–2007) ಅವರ ನೇತೃತ್ವದ ಕನ್ನಡ ಸಂಘ ಬೇಂದ್ರೆ ಸ್ಮೃತಿ ಕವನ ಸ್ಪರ್ಧೆಯಿಂದಲೂ ಪುಸ್ತಕ ಪ್ರಕಟಣೆಯಿಂದಲೂ ನಾಡಿನ ಹೊಸ ಬರಹಗಾರರಿಗೆ ವೇದಿಕೆಯಾಯಿತು.

ಸೇವಾ ಘಟಕಗಳು: 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಇದೇ ಹೊಣೆ ಕಾರ್ಯಕ್ರಮಾಧಿಕಾರಿಯದು. ಏಳು ದಿನಗಳ ವಿಶೇಷ ಶಿಬಿರದಲ್ಲಿ ಅವರು ಸ್ವಯಂಸೇವಕರ ಜೊತೆಗಿದ್ದು ಶ್ರಮದಾನ, ಗ್ರಾಮಸಂಪರ್ಕಗಳನ್ನು ನಡೆಸಿಕೊಡುತ್ತಾರೆ.